ಚೆಂಡೆ ಕೇಳುತ್ತದೆ, ಮಹಿಷಾಸುರ ಕಾಣುವುದಿಲ್ಲ

ಟಿವಿಯಲ್ಲಿ ಕಪ್ಪು ಚೌಕ. ಸ್ಪೀಕರಿನಲ್ಲಿ ಚೆಂಡೆ. ಅಷ್ಟೇ.

"ಇದೆಂತ ಮಾರಾಯ, ರೇಡಿಯೋವಾ?" ಅಂದರು ಅಮ್ಮ.

ನಮ್ಮ ಯಕ್ಷಗಾನದ ವೀಡಿಯೋದಲ್ಲಿ ಮಹಿಷಾಸುರ ಬರುವ ಹೊತ್ತಾಯಿತು ಅಂತ ನಾನೇ ಅವರನ್ನು ಕರೆದಿದ್ದೆ. ದೋಸೆಗೆ ರುಬ್ಬುವುದನ್ನು ಅರ್ಧಕ್ಕೆ ಬಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕುರ್ಚಿ ಎಳೆದುಕೊಂಡು ಕೂತಿದ್ದರು. ನಾನು ಮೌಸ್ ಹಿಡಿದು ಆ ಕಿಟಕಿಯನ್ನು ಟಿವಿಯಿಂದ ಪಕ್ಕದ ಹಳೇ ಮಾನಿಟರಿಗೆ ಎಳೆದೆ. ಮಹಿಷಾಸುರ ಬಂದ. ಮತ್ತೆ ಟಿವಿಗೆ ಎಳೆದೆ. ಹೋದ. ಸರಿಯಾಗಿ ಎರಡರ ನಡುವೆ ನಿಲ್ಲಿಸಿದರೆ ಈಚೆ ಒಂದು ಕೋಡು ಮತ್ತು ಅರ್ಧ ಮುಖ, ಆಚೆ ಕಪ್ಪು. ಅಮ್ಮ ಎರಡು ನಿಮಿಷ ನೋಡಿದರು, "ಪೂರ್ತಿ ಬಂದ ಮೇಲೆ ಕರಿ" ಅಂತ ಹೇಳಿ ಗ್ರೈಂಡರ್ ಹತ್ತಿರ ಹೋದರು.

ಇದೆಲ್ಲ ಯಾಕೆ ಬೇಕಿತ್ತು ಅಂತ ಮೊದಲು ಹೇಳಬೇಕು.

ನಮ್ಮ ಮನೆ ಹಿರಿಯಡ್ಕದ ಹತ್ತಿರ. 2006ರ ಜನವರಿಯಲ್ಲಿ ಮನೆ ಎದುರಿನ ಗದ್ದೆಯಲ್ಲಿ ಹರಕೆಯ ಆಟ, ಅಂದರೆ ಯಕ್ಷಗಾನ, ಆಡಿಸಿದ್ದೆವು. ದೊಡ್ಡ ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯಬೇಕು. ನಮ್ಮ ಸರದಿ ಬಂದಾಗ ಹರಕೆ ಹೇಳಿಕೊಂಡ ಅಜ್ಜನೇ ಇರಲಿಲ್ಲ. ಹಾಗಾಗಿ ಇದನ್ನು ರೆಕಾರ್ಡ್ ಮಾಡಲೇಬೇಕು ಅಂತ ಎಲ್ಲರಿಗೂ ಹುಚ್ಚು. ನನ್ನ ಹತ್ತಿರ ಒಂದು ಮಿನಿ ಡಿವಿ ಕ್ಯಾಮರಾ ಇತ್ತು. ದುಬೈ ಮಾವ ಇನ್ನೊಂದು ತಂದಿದ್ದರು. ನನ್ನದು ರಂಗಸ್ಥಳದ ಬುಡದಲ್ಲಿ, ಅವರದ್ದು ಗದ್ದೆಯ ಹಿಂದಿನ ಬದುವಿನ ಹತ್ತಿರ. ಕ್ಯಾಸೆಟ್ ಒಂದಕ್ಕೆ 60 ನಿಮಿಷ. ಇಡೀ ರಾತ್ರಿಯ ಆಟಕ್ಕೆ ಸಾಲುವಷ್ಟು ಕ್ಯಾಸೆಟ್ ತರುವ ದುಡ್ಡು ಇರಲಿಲ್ಲ. ನನ್ನದು ಐದು, ಮಾವನದ್ದು ನಾಲ್ಕು. ಕಾಲಮಿತಿ ಆಟ ಅಲ್ಲ, ಬೆಳಗ್ಗಿನವರೆಗಿನ ಆಟ. ಹಾಗಾಗಿ ಯಾವಾಗ ಆನ್ ಮಾಡುವುದು, ಯಾವಾಗ ಆಫ್ ಮಾಡುವುದು ಅನ್ನುವುದೇ ಆ ರಾತ್ರಿ ನನಗೊಂದು ದೊಡ್ಡ ಕೆಲಸ.

ಆ ರಾತ್ರಿ ಇನ್ನೊಂದು ಸಂಗತಿಯೂ ನಡೆದಿತ್ತು. ನಮ್ಮ ತಾಮ್ರದ ಕೊಡಪಾನ ಕಾಣೆಯಾಯಿತು. ಅಮ್ಮನ ತವರಿನಿಂದ ಬಂದದ್ದು. ಆಟದ ಊಟಕ್ಕೆ ಅಂತ ನಾಲ್ಕೈದು ಮನೆಯ ಪಾತ್ರೆಗಳು ಒಟ್ಟಾಗಿದ್ದವು. ಬೆಳಗ್ಗೆ ಎಲ್ಲರೂ ಅವರವರದ್ದು ತಗೊಂಡು ಹೋದರು. ನಮ್ಮದು ಸಿಗಲಿಲ್ಲ. ಆಟದ ಮಾತು ಬಂದಾಗೆಲ್ಲ ಅಮ್ಮ ಕೊಡಪಾನಕ್ಕೆ ಬರುತ್ತಾರೆ. ಕೊಡಪಾನದ ಮಾತು ಬಂದಾಗೆಲ್ಲ ದೊಡ್ಡಮ್ಮನ ಮನೆಗೆ ಬರುತ್ತಾರೆ.

ಆ ವರ್ಷವೇ ಅರ್ಧ ಎಡಿಟ್ ಮಾಡಿದ್ದೆ. ಕ್ಯಾಮರಾ ಡಬ್ಬದಲ್ಲಿ ಬಂದ ಸಿ.ಡಿ.ಯಲ್ಲಿದ್ದ ಒಂದು ಎಡಿಟಿಂಗ್ ಸಾಫ್ಟ್‌ವೇರ್. ಹೆಸರು ಹೇಳುವುದಿಲ್ಲ, ಪಾಪ, ಅದರ ತಪ್ಪೂ ಅಲ್ಲ. ಆಗ ಮನೆಯಲ್ಲಿ ವೀಡಿಯೋ ಎಡಿಟ್ ಅಂದರೆ ಮೂವಿ ಮೇಕರ್. 2000ದಲ್ಲಿ ವಿಂಡೋಸ್ ಮಿಲೇನಿಯಮ್ ಜೊತೆ ಬಂದದ್ದು, 2017ರ ಜನವರಿಯಲ್ಲಿ ಅದಕ್ಕೆ ಬೆಂಬಲ ನಿಂತಿತು. ಇದು ಅದಕ್ಕಿಂತ ಸ್ವಲ್ಪ ಮೇಲಿನದ್ದು, ಅಷ್ಟೇ. ಆಮೇಲೆ ಕೆಲಸ ಸಿಕ್ಕಿತು, ಮಂಗಳೂರಿಗೆ ಹೋದೆ, ಕಂಪ್ಯೂಟರ್ ಅಟ್ಟ ಸೇರಿತು.

ಈಗ ದೀಪಾವಳಿ ಕಳೆದ ಮೇಲೆ ಮಾವನ ಮನೆಯಲ್ಲಿ ಹರಕೆ ಆಟ. "ಅದಕ್ಕೆ ಮುಂಚೆ ನಮ್ಮದನ್ನೊಮ್ಮೆ ನೋಡ್ಬೇಕು" ಅಂದರು ಅಮ್ಮ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಹಳೇ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಲಿಲ್ಲ. ಹೊಸ ಸಾಫ್ಟ್‌ವೇರಿನಲ್ಲಿ ಹಳೇ ಪ್ರಾಜೆಕ್ಟ್ ತೆರೆಯಲಿಲ್ಲ. ಪ್ರಾಜೆಕ್ಟ್ ಫೈಲ್ ಅಂದರೆ ಅದರಲ್ಲಿ ವೀಡಿಯೋ ಇರುವುದಿಲ್ಲ. ಯಾವ ಫೈಲಿನ ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ ಅನ್ನುವ ಪಟ್ಟಿ ಮಾತ್ರ. ನನ್ನ ಪಟ್ಟಿಯಲ್ಲಿ 200ಕ್ಕೂ ಜಾಸ್ತಿ ಕಟ್ ಇದ್ದವು. ಅದನ್ನು ಪುನಃ ಮಾಡುವುದಕ್ಕಿಂತ ಅಟ್ಟ ಹತ್ತುವುದೇ ಸುಲಭ ಅನ್ನಿಸಿತು. ಈಗ ಕೇಳಿದರೆ ಹಾಗೆ ಹೇಳಲಿಕ್ಕಿಲ್ಲ.

ಜೂನ್ ತಿಂಗಳು. ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಎಲ್ಲ ಮೇಳಗಳು ಗೆಜ್ಜೆ ಬಿಚ್ಚಿದ್ದವು, ಮಳೆ ಹಿಡಿದಿತ್ತು. ಕ್ಯಾಬಿನೆಟ್ ತೆರೆದರೆ ಒಳಗೆ ಇರುವೆ ಮೊಟ್ಟೆ ಇಟ್ಟಿತ್ತು. ಪವರ್ ಸಪ್ಲೈ ಫ್ಯಾನಿನ ಹತ್ತಿರ ಒಂದು ಒಣಗಿದ ಹಲ್ಲಿ. ಪೈಂಟ್ ಬ್ರಷ್ ತಗೊಂಡು ಎಲ್ಲ ಗುಡಿಸಿದೆ. ರ್‍ಯಾಮ್ ತೆಗೆದು ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಪುನಃ ಸಿಕ್ಕಿಸಿದೆ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು, 2032 ನಂಬರಿನದ್ದು, ಪೇಟೆಯ ವಾಚ್ ಅಂಗಡಿಯಲ್ಲೇ ಸಿಗುತ್ತದೆ. ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶ ಬಂದಾಗ ನಿಜ ಹೇಳುತ್ತೇನೆ, ಖುಷಿಯಾಯಿತು. ಹಾರ್ಡ್ ಡಿಸ್ಕ್ ಕರ್ ಕರ್ ಅನ್ನುತ್ತಿತ್ತು, ಆದರೆ ಓಡುತ್ತಿತ್ತು. 160 ಜಿಬಿಯಲ್ಲಿ ಮುಕ್ಕಾಲು ಪಾಲು ಆಟವೇ. ಡಿವಿ ಕ್ಯಾಸೆಟ್ ಒಂದು ಗಂಟೆಗೆ 13 ಜಿಬಿ ತಿನ್ನುತ್ತದೆ, ಒಂಬತ್ತು ಕ್ಯಾಸೆಟ್ ಲೆಕ್ಕ ಹಾಕಿ.

ಕಂಪ್ಯೂಟರ್ ಜೊತೆ ಇದ್ದದ್ದು 17 ಇಂಚಿನ ಟ್ಯೂಬ್ ಮಾನಿಟರ್. ಅಟ್ಟದಿಂದ ಇಳಿಸಲು ನಾನು ಮತ್ತು ಪಕ್ಕದ ಮನೆಯ ಭಾವ, ಇಬ್ಬರು ಬೇಕಾಯಿತು. ಅದರಲ್ಲಿ ಈ ಸಾಫ್ಟ್‌ವೇರಿನ ಪ್ರಿವ್ಯೂ ಕಿಟಕಿ ಪೋಸ್ಟ್ ಕಾರ್ಡಿನಷ್ಟು. ಕೆಳಗೆ ಟೈಮ್‌ಲೈನ್, ಮೇಲೆ ಕ್ಲಿಪ್‌ಗಳ ಆಲ್ಬಮ್, ಮೂಲೆಯಲ್ಲಿ ಆ ಕಾರ್ಡು. ಅಮ್ಮನಿಗೆ ತೋರಿಸುವುದು ಹೇಗೆ? ಹಾಲ್‌ನಲ್ಲಿ 32 ಇಂಚಿನ ಟಿವಿ ಇತ್ತು, ಹಿಂದೆ ಒಂದು ವಿಜಿಎ ತೂತು ಇತ್ತು. ಗ್ರಾಫಿಕ್ಸ್ ಕಾರ್ಡಿಗೂ ಎರಡು ಬಾಯಿ ಇದ್ದವು, ಒಂದು ವಿಜಿಎ, ಒಂದು ಡಿವಿಐ. ಸರಿ, ಎರಡನೇ ಮಾನಿಟರ್ ಇದೇ ಆಗಲಿ ಅಂದುಕೊಂಡೆ.

ಕಾರ್ಡಿನ ವಿಜಿಎ ಬಾಯಿ ಟ್ಯೂಬ್ ಮಾನಿಟರಿಗೆ ಬೇಕು, ಹಾಗಾಗಿ ಡಿವಿಐ ಬಾಯಿಗೆ ವಿಜಿಎ ಕೇಬಲ್ ಸಿಕ್ಕಿಸುವ ಕನ್ವರ್ಟರ್ ಬೇಕಾಯಿತು. ಉಡುಪಿ ಸಿಟಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಗೆ ಹೋಗಿ ಕೇಳಿದೆ. "ವಿಜಿಎ ಕೇಬಲ್ ಉಂಟು ಅಣ್ಣ. ಡಿವಿಐ ಕನ್ವರ್ಟರಾ? ಅದನ್ನು ಈಗ ಯಾರು ಕೇಳ್ತಾರೆ!" ಅಂದ ಹುಡುಗ. ಹಾಗೆ ಹೇಳುತ್ತಲೇ ಒಂದು ಬಿಸ್ಕೆಟ್ ಡಬ್ಬ ಬಗ್ಗಿಸಿ ಹುಡುಕಿದ. ಬಿಳಿ ಬಣ್ಣದ್ದು ಒಂದು ಸಿಕ್ಕಿತು. "ಕೆಲಸ ಮಾಡದಿದ್ರೆ ವಾಪಸ್ ತರ್ಬೇಡಿ ಆಯ್ತಾ" ಅಂತ 50 ರೂಪಾಯಿಗೆ ಕೊಟ್ಟ. ಕೆಲಸ ಮಾಡಿತು.

ಎಕ್ಸ್‌ಪಿಯಲ್ಲಿ ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಟ್ಟಿಂಗ್ಸ್. ಅಲ್ಲಿ 1, 2 ಅಂತ ಎರಡು ಚೌಕ ಕಾಣುತ್ತವೆ. ಎರಡನೆಯದನ್ನು ಒತ್ತಿ, ಡೆಸ್ಕ್‌ಟಾಪನ್ನು ಇದರ ಮೇಲೂ ಹರಡು ಅನ್ನುವುದಕ್ಕೆ ಟಿಕ್ ಹಾಕಿದರೆ ಆಯಿತು. ಹಾಕಿದೆ. ಟಿವಿಯಲ್ಲೂ ಹಸಿರು ಗುಡ್ಡ ಬಂತು. ಪ್ರಿವ್ಯೂ ಕಿಟಕಿಯನ್ನು ಮಾತ್ರ ಬಿಡಿಸಿ ಆಚೆ ಎಳೆಯುವಾ ಅಂದರೆ ಈ ಸಾಫ್ಟ್‌ವೇರಿನಲ್ಲಿ ಅದು ಬಿಡಿಸಿಕೊಂಡು ಬರುವುದಿಲ್ಲ. ಎಲ್ಲ ಒಂದೇ ಚೌಕಟ್ಟಿನಲ್ಲಿ ಮೊಳೆ ಹೊಡೆದ ಹಾಗೆ. ಹಾಗಾಗಿ ಇಡೀ ಸಾಫ್ಟ್‌ವೇರನ್ನೇ ಟಿವಿಗೆ ಎಳೆದೆ. ಅಮ್ಮನನ್ನು ಕರೆದೆ. ಮುಂದಿನದ್ದು ನಿಮಗೆ ಗೊತ್ತು.

ಕೇಬಲ್ ಸಂಶಯ ಬಂತು, ಕನ್ವರ್ಟರ್ ಸಂಶಯ ಬಂತು. ಆದರೆ ಗುಡ್ಡ ಚೆನ್ನಾಗಿ ಕಾಣುತ್ತಿತ್ತು, ಬಟನ್‌ಗಳೆಲ್ಲ ಕಾಣುತ್ತಿದ್ದವು, ವೀಡಿಯೋ ಇರುವ ಚೌಕ ಮಾತ್ರ ಕಪ್ಪು. ಆಮೇಲೆ ಒಂದು ಹಳೇ ಆಟ ನೆನಪಾಯಿತು. ಕಾಲೇಜಿನ ಲ್ಯಾಬಿನಲ್ಲಿ ಮಾಡುತ್ತಿದ್ದೆವು. ವೀಡಿಯೋ ಓಡುವಾಗ ಪ್ರಿಂಟ್ ಸ್ಕ್ರೀನ್ ಒತ್ತಿ, ಪೇಂಟ್ ತೆರೆದು ಪೇಸ್ಟ್ ಮಾಡಿದರೆ ಆ ಪೇಂಟ್ ಚಿತ್ರದ ಒಳಗೇ ವೀಡಿಯೋ ಓಡುತ್ತದೆ! ಈಗಲೂ ಮಾಡಿ ನೋಡಿದೆ. ಪೇಂಟ್ ಒಳಗೆ ಮಹಿಷಾಸುರ ಕುಣಿಯುತ್ತಿದ್ದ. ಕೆಂಪು ಬ್ರಷ್ ತಗೊಂಡು ಅವನ ಮುಖದ ಮೇಲೆ ಗೀಚಿದೆ. ಗೀಚಿದಲ್ಲಿ ಕೆಂಪು, ಉಳಿದಲ್ಲಿ ಮಹಿಷಾಸುರ. ಪೇಂಟ್ ಕಿಟಕಿಯನ್ನು ಸ್ವಲ್ಪ ಸರಿಸಿದರೆ ಕೆಂಪು ಗೀಟು ಸರಿಯಿತು, ಮಹಿಷಾಸುರ ಮಾತ್ರ ತನ್ನ ಜಾಗದಲ್ಲೇ ಕುಣಿಯುತ್ತಿದ್ದ.

ಓವರ್‌ಲೇ ಅಂತಾರೆ ಇದಕ್ಕೆ. ಆ ಕಾಲದ ಕಂಪ್ಯೂಟರಿಗೆ ವೀಡಿಯೋ ಅಂದರೆ ಹೊರಲಾಗದ ಹೊರೆ. ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಒಂದು ಉಪಾಯ ಮಾಡುತ್ತಿತ್ತು. ಕಿಟಕಿಯಲ್ಲಿ ವೀಡಿಯೋದ ಜಾಗಕ್ಕೆ ಸುಮ್ನೆ ಒಂದು ಗೊತ್ತಾದ ಬಣ್ಣ ಬಳಿಯುವುದು, ಕಪ್ಪಿಗೆ ಹತ್ತಿರದ್ದೋ ನೇರಳೆಯೋ. ಚಿತ್ರ ಮಾನಿಟರಿಗೆ ಹೊರಡುವ ಕೊನೇ ಗಳಿಗೆಯಲ್ಲಿ, ಆ ಜಾಗದಲ್ಲಿ ಆ ಬಣ್ಣ ಕಂಡ ಕಡೆಯೆಲ್ಲ ವೀಡಿಯೋ ತುಂಬುವುದು. ಬಟ್ಟೆ ಪರದೆಯಲ್ಲಿ ತೂತು ಮಾಡಿ ಹಿಂದಿನಿಂದ ಯಾರೋ ಮುಖ ಇಟ್ಟ ಹಾಗೆ. ನೋಡುವವರಿಗೆ ಮುಖ ಪರದೆಯಲ್ಲೇ ಇದೆ ಅನ್ನಿಸುತ್ತದೆ. ಪರದೆಗೆ ಮುಖದ ಸುದ್ದಿಯೇ ಗೊತ್ತಿಲ್ಲ.

ತೊಂದರೆ ಎಂತ ಅಂದರೆ ನನ್ನ ಕಾರ್ಡಿನಲ್ಲಿ ಮುಖ ಇಡಲು ಇದ್ದದ್ದು ಒಬ್ಬನೇ. ಅವನು ನಿಲ್ಲುವುದು ಪ್ರೈಮರಿ, ಅಂದರೆ ವಿಂಡೋಸ್ ಮುಖ್ಯ ಅಂದುಕೊಂಡ ಮಾನಿಟರಿನ ಹಿಂದೆ. ಎರಡನೇ ಮಾನಿಟರಿನಲ್ಲಿ ತೂತು ಮಾತ್ರ.

ಮೊದಲು ಸುಲಭದ ದಾರಿ ನೋಡಿದೆ. ಅದೇ ಸೆಟ್ಟಿಂಗ್ಸಿನಲ್ಲಿ ಅಡ್ವಾನ್ಸ್ಡ್, ಟ್ರಬಲ್‌ಶೂಟ್ ಅಂತ ಹೋದರೆ ಹಾರ್ಡ್‌ವೇರ್ ಆಕ್ಸಲರೇಶನ್ ಅಂತ ಒಂದು ಜಾರುಪಟ್ಟಿ ಇದೆ. ಅದನ್ನು ಎಡಕ್ಕೆ ಎಳೆದರೆ ಕಾರ್ಡಿನ ಇಂಥ ಉಪಾಯಗಳೆಲ್ಲ ಬಂದ್. ಎಳೆದೆ. ಟಿವಿಯಲ್ಲಿ ಚಿತ್ರ ಬಂತು. ಆದರೆ ಹೇಗೆ ಬಂತು ಅಂದರೆ, ಮಹಿಷಾಸುರ ಒಂದು ಹೆಜ್ಜೆ ಇಟ್ಟು ಯೋಚನೆ ಮಾಡಿ ಇನ್ನೊಂದು ಹೆಜ್ಜೆ ಇಡುತ್ತಿದ್ದ. ಚೆಂಡೆ ಅದರ ಪಾಡಿಗೆ ಮುಂದೆ ಹೋಗುತ್ತಿತ್ತು. ಪುನಃ ಬಲಕ್ಕೆ ಎಳೆದೆ.

ಎರಡನೇ ದಾರಿ, ಟಿವಿಯನ್ನೇ ಪ್ರೈಮರಿ ಮಾಡುವುದು. ಚಿತ್ರ ಲಾಯ್ಕಾಗಿ ಬಂತು. ಆದರೆ ಎಕ್ಸ್‌ಪಿಯಲ್ಲಿ ಟಾಸ್ಕ್ ಬಾರ್, ಸ್ಟಾರ್ಟ್ ಬಟನ್ ಎಲ್ಲ ಪ್ರೈಮರಿಯಲ್ಲೇ ಇರುವುದು. ನಾನು ಟ್ಯೂಬ್ ಮಾನಿಟರಿನ ಎದುರು ಕೂತು, ಆರಡಿ ದೂರದ ಟಿವಿಯಲ್ಲಿ ಸ್ಟಾರ್ಟ್ ಬಟನ್ ಒತ್ತಬೇಕು. ಕನ್ನಡಕ ಬೇರೆ ಬೇಕು.

ಅಷ್ಟಲ್ಲದೆ ಅಂದು ರಾತ್ರಿ ಒಂದು ಘಟನೆ ನಡೆಯಿತು. ಎಲ್ಲ ಮುಂಚಿನ ಹಾಗೆ ಮಾಡಿ, ಟ್ಯೂಬ್ ಮಾನಿಟರನ್ನೇ ಪ್ರೈಮರಿ ಮಾಡಿ, ಊಟ ಮಾಡಿ ಬಂದೆ. ಸಾಫ್ಟ್‌ವೇರ್ ತೆರೆದೆ. ತೆರೆಯಲಿಲ್ಲ. ಪುನಃ ತೆರೆದೆ. ಈಗಾಗಲೇ ಓಡುತ್ತಿದೆ ಅನ್ನುತ್ತದೆ. ಟಾಸ್ಕ್ ಬಾರಿನಲ್ಲಿ ಬಟನ್ ಇದೆ, ಕಿಟಕಿ ಇಲ್ಲ. ಅಮ್ಮ ಪಕ್ಕದಲ್ಲಿ ಸೀರಿಯಲ್ ನೋಡುತ್ತಿದ್ದರು. ಅದೇ ಟಿವಿಯಲ್ಲಿ. ರಿಮೋಟಿನಲ್ಲಿ ಸೆಟ್ ಟಾಪ್ ಬಾಕ್ಸಿಗೆ ತಿರುಗಿಸಿಕೊಂಡಿದ್ದರು, ಅಷ್ಟೇ. ಕಂಪ್ಯೂಟರಿಗೆ ಅದೆಲ್ಲ ಗೊತ್ತಾಗುವುದಿಲ್ಲ, ಟಿವಿ ಇನ್ನೂ ತನ್ನದೇ ಅಂದುಕೊಂಡಿದೆ. ಸಾಫ್ಟ್‌ವೇರ್ ತಾನು ಕೊನೆಗೆ ಎಲ್ಲಿತ್ತೋ ಅಲ್ಲೇ ತೆರೆದುಕೊಂಡಿದೆ. ಅಂದರೆ ಸೀರಿಯಲ್ಲಿನ ಅತ್ತೆ ಸೊಸೆಯರ ಬೆನ್ನ ಹಿಂದೆ. ನನ್ನ ಮೌಸ್ ಕೂಡ ಆಗಾಗ ಅಲ್ಲಿಗೆ ಹೋಗಿ ಕಾಣೆಯಾಗುತ್ತಿತ್ತು.

"ಒಂದ್ನಿಮಿಷ ರಿಮೋಟ್ ಕೊಡಿ" ಅಂದೆ.

"ಈಗ ಆಗುದಿಲ್ಲ. ಈಗ ಅವಳಿಗೆ ಗೊತ್ತಾಗ್ಲಿಕ್ಕೆ ಉಂಟು" ಅಂದರು ಅಮ್ಮ. ಯಾವಳಿಗೆ ಎಂತ ಅಂತ ಕೇಳಲಿಲ್ಲ.

ಈ ಗಂಟಿಗೆ ಮದ್ದು ಕೀಬೋರ್ಡಿನಲ್ಲಿದೆ, ಇಂದಿನ ವಿಂಡೋಸಿನಲ್ಲೂ ಇದೆ. ಟಾಸ್ಕ್ ಬಾರಿನಲ್ಲಿ ಆ ಬಟನ್ ಒತ್ತಿ, ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಬೇಕು. ಆಮೇಲೆ ಎಂ. ಆಮೇಲೆ ಬಾಣದ ಕೀಲಿ ಯಾವುದಾದರೂ ಒಂದು ಸಲ. ಈಗ ಕಾಣದ ಕಿಟಕಿ ಮೌಸಿಗೆ ಅಂಟಿಕೊಂಡಿರುತ್ತದೆ. ಮೌಸ್ ಅಲ್ಲಾಡಿಸಿದರೆ ಬಾವಿಯಿಂದ ಬಿಂದಿಗೆ ಮೇಲೆ ಬಂದ ಹಾಗೆ ಬರುತ್ತದೆ. ಕಿಟಕಿ ಪೂರ್ತಿ ದೊಡ್ಡದಾಗಿ ತೆರೆದಿದ್ದರೆ ಮಾತ್ರ ಎಂ ಕೆಲಸ ಮಾಡುವುದಿಲ್ಲ, ಮೊದಲು ಆಲ್ಟ್ ಸ್ಪೇಸ್ ಆರ್ ಒತ್ತಿ ಚಿಕ್ಕದು ಮಾಡಬೇಕು. ಆ ವಾರದಲ್ಲಿ ನಾನು ಇದನ್ನು ಎಷ್ಟು ಸಲ ಮಾಡಿದೆನೋ. ಹೊಸ ವಿಂಡೋಸಿನಲ್ಲಿ ಶಿಫ್ಟ್, ವಿಂಡೋಸ್ ಕೀ ಮತ್ತು ಬಾಣ ಒತ್ತಿದರೆ ಕಿಟಕಿ ಒಂದು ಮಾನಿಟರಿನಿಂದ ಇನ್ನೊಂದಕ್ಕೆ ಹಾರುತ್ತದೆ. ಎಕ್ಸ್‌ಪಿಗೆ ಆ ಭಾಗ್ಯ ಇಲ್ಲ.

ಇನ್ನೊಂದು ತಂಟೆ, ಮೆನುಗಳದ್ದು. ಟಿವಿ ನನ್ನ ಎಡಕ್ಕೆ ಇತ್ತು. ಹಾಗಾಗಿ ಸೆಟ್ಟಿಂಗ್ಸಿನಲ್ಲೂ 2ನ್ನು 1ರ ಎಡಕ್ಕೆ ಇಟ್ಟಿದ್ದೆ. ನ್ಯಾಯ ಅಲ್ವಾ? ಆದರೆ ವಿಂಡೋಸಿನ ಲೆಕ್ಕದಲ್ಲಿ ಪ್ರೈಮರಿ ಮಾನಿಟರಿನ ಎಡ ಮೇಲ್ಮೂಲೆ ಅಂದರೆ ಸೊನ್ನೆ. ಅದರ ಎಡಕ್ಕೆ ಹೋದದ್ದೆಲ್ಲ ಮೈನಸ್. ಒಂದೇ ಮಾನಿಟರಿನ ಕಾಲದಲ್ಲಿ ಬರೆದ ಎಷ್ಟೋ ಸಾಫ್ಟ್‌ವೇರುಗಳಿಗೆ ಮೈನಸ್ ಅನ್ನುವುದೊಂದು ಇದೆ ಅಂತಲೇ ಗೊತ್ತಿಲ್ಲ. ಟಿವಿಯಲ್ಲಿರುವ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮೆನು ಟ್ಯೂಬ್ ಮಾನಿಟರಿನ ಅಂಚಿನಲ್ಲಿ ತೆರೆದುಕೊಳ್ಳುತ್ತಿತ್ತು. ಅದನ್ನು ಹಿಡಿಯಲು ಮೌಸ್ ಅಲ್ಲಿಗೆ ಓಡಬೇಕು, ಓಡುವಷ್ಟರಲ್ಲಿ ಅದು ಮುಚ್ಚಿಕೊಳ್ಳುತ್ತದೆ. ವಿಂಡೋಸಿಗೆ ಸುಳ್ಳು ಹೇಳಿದೆ, ಟಿವಿ ಬಲಕ್ಕೆ ಇದೆ ಅಂತ. ಮೆನು ಸರಿಯಾಯಿತು. ಆದರೆ ಮೌಸ್ ಬಲಕ್ಕೆ ದೂಡಿದರೆ ಎಡದ ಟಿವಿಯಲ್ಲಿ ಕಾಣಿಸಿಕೊಳ್ಳುವುದು, ಅದು ತಲೆ ಕೆಡಿಸಿತು. ಕೊನೆಗೆ ಮೇಜನ್ನೇ ಎತ್ತಿ ಟಿವಿಯ ಆಚೆ ಬದಿಗೆ ಇಟ್ಟೆ. ಅದು ದೇವರ ಕೋಣೆಯ ಬಾಗಿಲಿಗೆ ಅಡ್ಡ ಆಯಿತು. ಅಮ್ಮ ಬೆಳಗ್ಗೆ ಸಂಜೆ ದೀಪ ಹಚ್ಚಲು ಅಡ್ಡಡ್ಡ ನುಗ್ಗಿ ಹೋಗುತ್ತಿದ್ದರು, ಪ್ರತಿ ಸಲ ಏನಾದರೂ ಒಂದು ಹೇಳುತ್ತಿದ್ದರು.

ಮೂರು ದಿನ ಹೀಗೆ ಗುದ್ದಾಡಿದ ಮೇಲೆ ನನಗೆ ತಲೆಗೆ ಹೋದದ್ದು ಇಷ್ಟು. ಈ ಸಾಫ್ಟ್‌ವೇರನ್ನು ಎರಡು ಮಾನಿಟರಿಗೆ ಹಿಗ್ಗಿಸಲು ಹೋದದ್ದೇ ತಪ್ಪು. ಅದಕ್ಕೆ ಗೊತ್ತಿರುವುದು ಒಂದು ಮಾನಿಟರ್. ಅದಕ್ಕೆ ಒಂದನ್ನೇ ಕೊಡಬೇಕು. ಎರಡನೆಯದು ನನಗೆ ಬೇಕಾದದ್ದು, ಅದಕ್ಕಲ್ಲ.

ಹಾಗಾದರೆ ಅಮ್ಮನಿಗೆ ದೊಡ್ಡದಾಗಿ ತೋರಿಸುವುದು? ಅದಕ್ಕೆ ಉತ್ತರ ಇದ್ದದ್ದು ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಸೆಟ್ಟಿಂಗಿನಲ್ಲಿ. ಒಂದರೊಳಗೆ ಒಂದು ಟ್ಯಾಬ್ ತೆರೆಯುತ್ತಾ ಹೋಗಿ ಕೊನೆಗೆ ಸಿಕ್ಕಿತು, ಫುಲ್ ಸ್ಕ್ರೀನ್ ವೀಡಿಯೋ ಅಂತ. ಪ್ರೈಮರಿಯಲ್ಲಿ ಓವರ್‌ಲೇ ವೀಡಿಯೋ ಎಲ್ಲಿ ಓಡಿದರೂ, ಎಷ್ಟು ಚಿಕ್ಕ ಕಿಟಕಿಯಲ್ಲಿ ಓಡಿದರೂ, ಅದನ್ನೇ ಎತ್ತಿ ಎರಡನೇ ಮಾನಿಟರಿನಲ್ಲಿ ಪೂರ್ತಿ ಪರದೆಗೆ ತೋರಿಸು ಅನ್ನುವ ಆಯ್ಕೆ. ಒಂದು ಟಿಕ್. ಟ್ಯೂಬ್ ಮಾನಿಟರಿನ ಪೋಸ್ಟ್ ಕಾರ್ಡಿನಲ್ಲಿ ಪ್ಲೇ ಒತ್ತಿದೆ. ಟಿವಿ ತುಂಬ ಮಹಿಷಾಸುರ. ಕೋಡಿನಿಂದ ಗೆಜ್ಜೆಯವರೆಗೆ. ಸಾಫ್ಟ್‌ವೇರಿಗೆ ಟಿವಿ ಇದೆ ಅಂತಲೇ ಗೊತ್ತಿಲ್ಲ. ಮೂರು ದಿನ ನನ್ನನ್ನು ಕಾಡಿದ ಅದೇ ಓವರ್‌ಲೇ, ನಾಲ್ಕನೇ ದಿನ ಕೈ ಹಿಡಿಯಿತು. ಒಂದು ಎಚ್ಚರಿಕೆ ಬೇಕು. ಅದೇ ಹೊತ್ತಿಗೆ ಬೇರೆ ಮೀಡಿಯಾ ಪ್ಲೇಯರ್ ತೆರೆದಿರಬಾರದು. ಇರುವುದು ಒಂದೇ ಓವರ್‌ಲೇ, ಮೊದಲು ಬಂದವನಿಗೆ ಸಿಗುತ್ತದೆ. ಇದೆಲ್ಲ ಎಕ್ಸ್‌ಪಿಯ ಕಾಲದ್ದು. ವಿಸ್ಟಾದಿಂದ ಮುಂದೆ ವಿಂಡೋಸ್ ಪರದೆ ಬಿಡಿಸುವ ರೀತಿಯೇ ಬದಲಾಯಿತು.

ಅಮ್ಮನನ್ನು ಕರೆದೆ. ಈ ಸಲ ಗ್ರೈಂಡರ್ ಆಫ್ ಮಾಡಿಯೇ ಬಂದರು.

ಆ ದೃಶ್ಯ ಗೊತ್ತಲ್ಲ ನಿಮಗೆ. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಜನರ ನಡುವಿನಿಂದ, ದೊಂದಿಗಳ ನಡುವೆ ಬರುತ್ತಾನೆ. ರಾಳದ ಪುಡಿ ಎಸೆದಾಗ ಭಗ್ ಅಂತ ಬೆಂಕಿ ಏಳುತ್ತದೆ, ಮಕ್ಕಳು ಅಮ್ಮಂದಿರ ಮಡಿಲಿಗೆ ನುಗ್ಗುತ್ತವೆ. ನನ್ನ ಕ್ಯಾಮರಾದಲ್ಲಿ ಬೆಂಕಿ ಎದ್ದಾಗ ಎಲ್ಲ ಬಿಳಿ, ಇಳಿದಾಗ ಎಲ್ಲ ಕಪ್ಪು, ನಡುವೆ ಹುಳ ಹರಿದ ಹಾಗೆ ಚುಕ್ಕೆಗಳು. ಬೆಂಕಿಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತದೆ, ಡಿವಿಯಲ್ಲಿ ಒಂದು ಫ್ರೇಮನ್ನು ಎರಡು ಅರ್ಧ ಮಾಡಿ ಒಂದರ ನಂತರ ಒಂದು ಹಿಡಿಯುವುದರಿಂದ. ಟ್ಯೂಬ್ ಟಿವಿಯಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಮಾವನ ಕ್ಯಾಮರಾದಲ್ಲಿ ಇಡೀ ಗದ್ದೆ ಕಾಣುತ್ತದೆ, ಜನರ ತಲೆಗಳ ನಡುವೆ ಬೆಂಕಿಯ ಸಾಲು ಮುಂದೆ ಹೋಗುವುದು ಕಾಣುತ್ತದೆ. ಎರಡನ್ನೂ ಕೂಡಿಸಿದರೆ ಮಾತ್ರ ಆ ಗಳಿಗೆ.

ಕೂಡಿಸಲು ಚೆಂಡೆಯ ಪೆಟ್ಟು ಹಿಡಿದೆ. ಸಿನಿಮಾದವರು ಕ್ಲಾಪ್ ಹೊಡೆಯುತ್ತಾರಲ್ಲ, ಹಾಗೆ. ಶಬ್ದ ನನ್ನ ಕ್ಯಾಮರಾದ್ದು, ಅದರ ಮೇಲೆ ಮಾವನ ಚಿತ್ರ. ಮಾವ 30 ಮೀಟರ್ ಹಿಂದೆ ಇದ್ದದ್ದರಿಂದ ಅವರ ಟೇಪಿನಲ್ಲಿ ಚೆಂಡೆ ಸುಮಾರು ಎರಡು ಫ್ರೇಮ್ ತಡ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ನಮ್ಮ ವೀಡಿಯೋದಲ್ಲಿ ಸೆಕೆಂಡಿಗೆ 25 ಫ್ರೇಮ್. ಲೆಕ್ಕ ಮಾಡಿ ಅದನ್ನೂ ಕಳೆದೆ. ಟಿವಿಯನ್ನೇ ನೋಡುತ್ತಾ, ಕೋಲು ಚರ್ಮಕ್ಕೆ ಬೀಳುವ ಫ್ರೇಮಿಗೆ ಸರಿಯಾಗಿ ಶಬ್ದ ಕೂರಿಸಿದೆ. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು. ಹತ್ತಿರ ಹತ್ತಿರ 40 ಕಡೆ ಸರಿ ಮಾಡಿದೆ.

ಮರುದಿನ ಅಮ್ಮ ನನ್ನ ಹಿಂದೆ ನಿಂತು ಟ್ಯೂಬ್ ಮಾನಿಟರ್ ನೋಡಿದರು. "ಕೋಲು ಬಿದ್ದ ಮೇಲೆ ಶಬ್ದ ಬರ್ತದಲ್ಲ."

"ಇಲ್ಲಮ್ಮ, ಸರಿ ಉಂಟು. ಟಿವಿ ನೋಡಿ."

ಟಿವಿ ನೋಡಿದರು. "ಇದ್ರಲ್ಲಿ ಸರಿ ಉಂಟು. ಅದ್ರಲ್ಲಿ ಇಲ್ಲ."

ಹಾಗೆಲ್ಲ ಆಗುವುದಿಲ್ಲ ಅಂತ ವಾದ ಮಾಡಿದೆ. ಒಂದೇ ಕಂಪ್ಯೂಟರ್, ಒಂದೇ ವೀಡಿಯೋ, ಎರಡು ಕೇಬಲ್. ಆಮೇಲೆ ಮೊಬೈಲ್ ಕ್ಯಾಮರಾದಲ್ಲಿ ಎರಡೂ ಪರದೆ ಒಟ್ಟಿಗೆ ಬರುವ ಹಾಗೆ ಹಿಡಿದು ನಿಧಾನಕ್ಕೆ ಓಡಿಸಿ ನೋಡಿದೆ. ಅಮ್ಮ ಹೇಳಿದ್ದು ಸರಿ. ಟ್ಯೂಬಿನಲ್ಲಿ ಕೋಲು ಬಿದ್ದ ಮೇಲೆ ಮೂರು ಫ್ರೇಮ್ ಕಳೆದು ಟಿವಿಯಲ್ಲಿ ಬೀಳುತ್ತದೆ! ಎಲ್‌ಸಿಡಿ ಟಿವಿ ಬಂದ ಚಿತ್ರವನ್ನು ಹಾಗೇ ತೋರಿಸುವುದಿಲ್ಲ. ಹಿಗ್ಗಿಸಿ, ಬಣ್ಣ ತಿದ್ದಿ, ಚೂಪು ಮಾಡಿ ಆಮೇಲೆ ತೋರಿಸುತ್ತದೆ. ಆ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ. ಟ್ಯೂಬಿಗೆ ಇಂಥ ಶೋಕಿ ಇಲ್ಲ, ಬಂದದ್ದು ಬಂದ ಹಾಗೆ. ಟಿವಿ ತನ್ನ ಸ್ಪೀಕರಿನಲ್ಲೇ ಶಬ್ದ ಹೊರಡಿಸಿದರೆ ಸಾಮಾನ್ಯವಾಗಿ ಅದನ್ನೂ ಅಷ್ಟೇ ತಡ ಮಾಡಿ ಸರಿದೂಗಿಸುತ್ತದೆ. ನನ್ನ ಸ್ಪೀಕರ್ ಕಂಪ್ಯೂಟರಿಗೆ ಸಿಕ್ಕಿಸಿತ್ತು. ಹಾಗಾಗಿ ಟಿವಿ ನೋಡಿ ನಾನು ಸರಿ ಮಾಡಿದ 40 ಕಡೆಯೂ ತಪ್ಪು. ಒಂದೊಂದೂ ಮೂರು ಫ್ರೇಮ್ ವಾಪಸ್. ಟಿವಿಯಲ್ಲಿ ಗೇಮ್ ಮೋಡ್ ಹಾಕಿದರೆ ಈ ತಡ ಬಹಳ ಕಡಿಮೆಯಾಗುತ್ತದೆ ಅಂತ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಅವತ್ತಿನಿಂದ ಕಟ್ ಮಾಡುವುದು, ಶಬ್ದ ಕೂರಿಸುವುದು ಎಲ್ಲ ಟ್ಯೂಬ್ ನೋಡಿಯೇ. ಟಿವಿ ಅಮ್ಮನಿಗೆ.

ಹೆಸರುಗಳ ಪಟ್ಟಿ ಹಾಕುವಾಗ ಸ್ವಲ್ಪ ಕಿರಿಕಿರಿ ಆಯಿತು. ಇಂದಿನ ಯೂನಿಕೋಡ್ ಕನ್ನಡ ಪೇಸ್ಟ್ ಮಾಡಿದರೆ ಬರೀ ಪ್ರಶ್ನೆ ಚಿಹ್ನೆಗಳ ಸಾಲು. 2006ರಲ್ಲಿ 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಹಾಕಿದ್ದು ಹಾಗೇ ಚೆನ್ನಾಗಿತ್ತು. ಅದೇ ಬರಹ ಅದೇ ಕಂಪ್ಯೂಟರಿನಲ್ಲಿ ಇದ್ದದ್ದರಿಂದ ಬಚಾವಾದೆ.

ಕೊನೆಗೆ ಎರಡು ಗಂಟೆಯ ಚಿತ್ರ ಆಯಿತು. ಫೈಲ್ ಮಾಡಲು ಇಟ್ಟದ್ದು ಒಂದು ಮಧ್ಯಾಹ್ನ. ಶೇಕಡಾ 70 ಆಗುವಾಗ ಪಡುವಣ ದಿಕ್ಕಿನಲ್ಲಿ ಗುಡುಗಿತು. ನಮ್ಮ ಕಡೆ ಸಿಡಿಲು ಅಂದರೆ ಮೊದಲು ಪ್ಲಗ್ ಕೀಳುವುದು, ಆಮೇಲೆ ಬಟ್ಟೆ ಒಳಗೆ ತರುವುದು. ಅಮ್ಮ ಪ್ಲಗ್ ಹತ್ತಿರ ನಿಂತರು. ನಾನು ಮಾನಿಟರ್ ಹತ್ತಿರ ನಿಂತೆ. "ಇನ್ನು ಎಷ್ಟು?" "ಇನ್ನು 20." "ಇನ್ನು?" ಮಳೆ ಮಣಿಪಾಲದ ಕಡೆಗೆ ಹೋಯಿತು. 26 ಜಿಬಿ. ಪೆನ್ ಡ್ರೈವಿಗೆ ಹಾಕಹೋದರೆ ಅದರ ಫಾರ್ಮ್ಯಾಟ್ ಫ್ಯಾಟ್ 32 ಆದ್ದರಿಂದ 4 ಜಿಬಿಗಿಂತ ದೊಡ್ಡ ಫೈಲ್ ಬೇಡ ಅಂದಿತು. ಎನ್‌ಟಿಎಫ್‌ಎಸ್ ಮಾಡಿದ್ದ ಪೋರ್ಟೆಬಲ್ ಡಿಸ್ಕಿಗೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಚಿಕ್ಕದು ಮಾಡಿದೆ.

ಕಳಿಸುವ ಮುಂಚೆ ಒಂದು ಸಲ ಪೂರ್ತಿ ನೋಡುವಾ ಅಂತ ಕೂತೆವು, ಹಳೇ ಕಂಪ್ಯೂಟರಿನಿಂದಲೇ, ಟಿವಿಯಲ್ಲಿ. ದುಬೈ ಮಾವನ ಮೂರನೇ ಕ್ಯಾಸೆಟ್, ದೇವಿ ಪ್ರವೇಶಕ್ಕೆ ಸ್ವಲ್ಪ ಮುಂಚೆ.

"ನಿಲ್ಸು" ಅಂದರು ಅಮ್ಮ. "ಹಿಂದೆ ಹಾಕು."

ಹಿಂದೆ ಹಾಕಿದೆ.

ಚಿತ್ರದ ಎಡ ಅಂಚು. ಎರಡು ಬೆರಳಗಲ ಜಾಗ. ಈ ಕ್ಯಾಸೆಟ್ಟನ್ನು ಆ ವರ್ಷವೇ ಹತ್ತು ಸಲ ನೋಡಿದ್ದೆವು, ಕ್ಯಾಮರಾವನ್ನು ಹಳೇ ಟ್ಯೂಬ್ ಟಿವಿಗೆ ಸಿಕ್ಕಿಸಿ. ಆ ಟಿವಿಗಳು ಚಿತ್ರದ ನಾಲ್ಕೂ ಅಂಚನ್ನು ಸ್ವಲ್ಪ ಸ್ವಲ್ಪ ನುಂಗುತ್ತಿದ್ದವು, ಒಂದೊಂದು ಬದಿಯಲ್ಲಿ ಶೇಕಡಾ 5ರ ಹತ್ತಿರ. ಅಂಚಿನಲ್ಲಿ ಏನಿತ್ತು ಅಂತ ನಾವು ನೋಡಿದ್ದೇ ಇಲ್ಲ. ಈಗ ಕಂಪ್ಯೂಟರಿನಿಂದ ಪೂರ್ತಿ ಫ್ರೇಮ್ ಬರುತ್ತಿತ್ತು. ಆ ಎರಡು ಬೆರಳಗಲದಲ್ಲಿ ಒಬ್ಬ ಹುಡುಗ ಬೆನ್ನು ಹಾಕಿ ನಡೆದು ಹೋಗುತ್ತಿದ್ದ. ಕಂಕುಳಲ್ಲಿ ಏನೋ ಹೊಳೆಯುತ್ತಿತ್ತು.

ನನಗೆ ಆಗಲೇ ನೆನಪಾಯಿತು. ಗದ್ದೆಯಲ್ಲಿ ಗಾಳಿ ಇತ್ತು, ಟ್ರೈಪಾಡ್ ಅಲ್ಲಾಡುತ್ತಿತ್ತು. ಭಾರದ್ದು ಏನಾದರೂ ನೇತು ಹಾಕಿದರೆ ಗಟ್ಟಿ ನಿಲ್ಲುತ್ತದೆ ಅಂತ ಎಲ್ಲೋ ಓದಿದ್ದೆ. ಅಡುಗೆ ಚಪ್ಪರದಿಂದ ಕೊಡಪಾನ ತಂದು, ಮಣ್ಣು ತುಂಬಿಸಿ, ಬಾಳೆ ಹಗ್ಗದಲ್ಲಿ ಕಟ್ಟಿದ್ದೆ. ಕಟ್ಟಿದ್ದು ನೆನಪಿದೆ. ಬಿಚ್ಚಿದ್ದು ನೆನಪಿಲ್ಲ.

ಅಮ್ಮ ಟಿವಿಯ ಹತ್ತಿರ ಹೋಗಿ, ಬೆರಳಿಟ್ಟು, ಆಮೇಲೆ ನನ್ನ ಕಡೆ ತಿರುಗಿದರು. ತುಂಬ ಹೊತ್ತು ಏನೂ ಹೇಳಲಿಲ್ಲ.

"ಈ ಮೂರು ಸೆಕೆಂಡ್ ಬೇಕಾದ್ರೆ ಕಟ್ ಮಾಡ್ಬಹುದು" ಅಂದೆ ನಾನು.

"ಕಟ್ ಮಾಡ್ಬೇಡ" ಅಂದರು ಅಮ್ಮ. "ಅಂಚು ಕಾಣದ ಹಾಗೆ ಮಾಡ್ಲಿಕ್ಕೆ ಆಗ್ತದಾ? ದೊಡ್ಡಮ್ಮನಿಗೆ ಕೊಡುವ ಕಾಪಿಗೆ ಮಾತ್ರ."